ಬಿಳಿಯ ಮೇಲೆ ಬಿಳಿ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆನ್ನೆ ಊದಿಸಿಕೊಂಡು ಕೂತಿದ್ದ ಟೀಚರಮ್ಮನಿಗೆ ಬಾಯಿ ತೆರೆಯಲಾಗದಿದ್ದರೂ ಕಿವಿ ನೆಟ್ಟಗಿತ್ತು. ಪಕ್ಕದಲ್ಲೇ ಅಕ್ಕ, ತಮ್ಮ ಹಾವು ಮುಂಗುಸಿಯಂತೆ ಕಚ್ಚಾಡುತ್ತಿದ್ದರು.

“ನಮ್ಮ ಅಂಗಡಿ ವೆಬ್‌ಸೈಟಲ್ಲಿ ನನ್ನ ಹೆಸರೆಲ್ಲೋ?”

“ಅಪ್ಪ ತೆಗೀಬೇಡ ಅಂದಿದ್ರು. ನಾನು ತೆಗೆದಿಲ್ಲ.”

“ಪುಟ ಪೂರ್ತಿ ಸೆಲೆಕ್ಟ್ ಮಾಡಿದ್ಮೇಲೆ ಕಾಣಿಸ್ತು. ಹಿನ್ನೆಲೆನೂ ಬಿಳಿ, ನನ್ನ ಹೆಸರಿನ ಅಕ್ಷರಾನೂ ಬಿಳಿ!”

“ಸಿಎಸ್‌ಎಸ್ ಕೋಡಲ್ಲಿ ಅಕ್ಷರದ ಬಣ್ಣ ಬದಲಾಯಿಸಿದ್ದೀನಿ. ಹೆಸರು ಇದ್ದಲ್ಲೇ ಇದೆ, ಕಾಣಿಸಲ್ಲ ಅಷ್ಟೆ.”

“ಆ ಸಿಎಸ್‌ಎಸ್ ನಿಂಗೆ ಕಲಿಸಿದ್ದು ಯಾರೋ? ಉಂಡ ಮನೆಗೆ ಎರಡು ಬಗೆಯೋನೆ!”

“ಕೂಗಾಡ್ಬೇಡ, ಜನ ನೋಡ್ತಿದ್ದಾರೆ.”

ಟೀಚರಮ್ಮ ಗೋಡೆಯ ಕ್ಯಾಲೆಂಡರ್ ಓದತೊಡಗಿದರು.

ಅಷ್ಟರಲ್ಲಿ ನರ್ಸ್ ತಮ್ಮನನ್ನು ಕರೆದಳು. ಅವನ ಮುಖ ಬಿಳಿಚಿಕೊಂಡಿತು.

“ಅಕ್ಕಾ, ನೀನೂ ಒಳಗೆ ಬಾ. ನಂಗೆ ಸೂಜಿ ಅಂದ್ರೆ ಭಯ.”

“ಹೋಗೋ. ಪಕ್ಕದಲ್ಲೇ ಇರ್ತೀನಿ, ಕಾಣಿಸಲ್ಲ ಅಷ್ಟೆ,” ಎಂದ ಅಕ್ಕ ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದಳು.