ಅವ್ವನ ಹಿತ್ತಾಳೆ ಸಿದ್ದೆ

...ಎಂತಕ್ಕೆ ನಗ್ತೀಯೆ ಅಕ್ಕ? ನಗು, ನಗು. ಈ ಸತೀಶನ್ನ ನೋಡಿ ನಕ್ಕವರೆಲ್ಲ ಕಡೆಗೆ ಇದೇ ಬಾಗಿಲಿಗೆ ಬಂದವರು. ಊರಲ್ಲಿ ಪಂಪು ಕೆಟ್ರೆ ಯಾರು ಬೇಕು? ನಾನು. ಅಂಥವನಿಗೆ ಒಂದು ಭರಣಿ ಮಿಡಿ ಉಪ್ಪಿನಕಾಯಿ ಹಾಕೂಕೆ ಬರೂದಿಲ್ವಾ?

ಇಸಳೂರಿಂದ ಸ್ಕೂಟಿ ಹೊಡ್ಕೊಂಡು ಬಂದಿದ್ದೀಯೆ, ಮೊದ್ಲು ಕೂತ್ಕೋ. ಡಬ್ಬಿ ಅಲ್ಲೇ ಇಡು. ತುಂಬಿ ಕೊಡ್ತೆ, ಗಡಿಬಿಡಿ ಎಂತದು?

ಇದನ್ನ ನೋಡು. ಡಿಜಿಟಲ್ ತಕ್ಕಡಿ. ನಾಕು ಕಾಳುಮೆಣಸು ಇಟ್ರೂ ನಂಬರು ಅಲ್ಲಾಡ್ತದೆ. ಅವ್ವ ಎಂತ ಹೇಳ್ತಿದ್ಲು? ಉಪ್ಪು ಇಷ್ಟು ಸಿದ್ದೆ, ಸಾಸಿವೆ ಇಷ್ಟು ಸಿದ್ದೆ. ಅಳೆಯೂದು ಆ ಹಿತ್ತಾಳೆ ಸಿದ್ದೆಯಲ್ಲಿ, ಅದೂ ಹೊಟ್ಟೆ ನೆಗ್ಗಿದ್ದು. ಬೇರೆ ಯಾರ ಮನೆ ಸಿದ್ದೆಗೂ ತಾಳೆ ಆಗದ್ದು. ಅವ್ವನೇ ಹೋದಮೇಲೆ ಅದನ್ನ ನಂಬಿ ಕೂತ್ರೆ ಆಗ್ತದಾ? ತಲೆ ಬೇಕು ಅಕ್ಕ, ತಲೆ. ಇದೇ ತಕ್ಕಡಿ ಮೇಲೆ ಸಿದ್ದೆ ಇಟ್ಟೆ, ತೂಗ್ದೆ, ಎಲ್ಲ ಗ್ರಾಮಿಗೆ ತಂದೆ. ಇನ್ನು ಅವ್ವನ ಕೈರುಚಿ ಎಲ್ಲೂ ಹೋಗೂದಿಲ್ಲ.

ಹಾಂ? ಎಂತ ತುಂಬಿ ತೂಗಿದ್ದಾ... ಅಕ್ಕಿ. ಮತ್ತೆ ಉಪ್ಪಿಗೂ ಅದೇ ಲೆಕ್ಕ, ಸಾಸಿವೆಗೂ ಅದೇ, ಮೆಣಸಿನಪುಡಿಗೂ ಅದೇ. ಸಿದ್ದೆ ಅಂದ್ರೆ ಸಿದ್ದೆ, ಅಲ್ದಾ?

ಹಾಗೆ ನೋಡ್ಬೇಡ ಮಾರಾಯ್ತಿ. ಗೊತ್ತು. ಈಗ ಗೊತ್ತು. ಹರಳುಪ್ಪು ಭಾರ. ಅಕ್ಕಿ ತೂಕಕ್ಕೆ ಉಪ್ಪು ಹಾಕಿದ್ರೆ ಸಿದ್ದೆ ತುಂಬೂದೇ ಇಲ್ಲ. ಸ್ವಲ್ಪ ಕಮ್ಮಿ ಬಿದ್ದಿದೆ, ಅಷ್ಟೇ... ಭರಣಿ ಬಟ್ಟೆ ಬಿಚ್ಬೇಡ. ಮುಟ್ಬೇಡ ಅಂದೆ. ವಾಸನೆಯಾ? ಅದು ಹೊರಗಿಂದು, ಕೊಟ್ಟಿಗೆದು...

ಬಿಚ್ಚೇಬಿಟ್ಯಾ.

ನೋಡು ಹಂಗಾರೆ. ಲೋಳೆ. ಮೇಲಿಂದು ಮಾತ್ರ ಅಲ್ಲ, ಅಡಿಯವರೆಗೂ. ಅವ್ವ ಕೂಡಿಟ್ಟ ಉಪ್ಪಿನಕಾಯಿ ಹೋದ ವರ್ಷಕ್ಕೇ ಮುಗೀತು. ಇದರಲ್ಲಿ ಆ ರುಚಿ ಬರ್ತದೆ ಅಂತ ನೀ ಕಾದಿದ್ದು ನಂಗೆ ಗೊತ್ತಿಲ್ವಾ? ಬರೂ ವರ್ಷ ಸರಿ ಮಾಡ್ತೆ. ಆಗ ಸಿದ್ದೆಗೆ ಉಪ್ಪನ್ನೇ ತುಂಬಿ ತೂಗ್ತೆ...

ಈಗಲೇ ತೂಗೂದು ಎಂತಕ್ಕೆ? ಎಲ್ಲಿಗೆ ಹೊಂಟೆ? ಅಕ್ಕ, ಅಕ್ಕಿ ಡಬ್ಬಿಗೆ ಕೈ ಹಾಕ್ಬೇಡ. ಗೊತ್ತು, ಅವ್ವ ಸಿದ್ದೆಯನ್ನ ಯಾವಾಗಲೂ ಅದರೊಳಗೇ ಇಡ್ತಿದ್ಲು. ಅಟ್ಟದ ಮೇಲೆ ಎತ್ತಿಟ್ಟಿರಬೇಕು, ಆಮೇಲೆ ಹುಡುಕ್ತೆ. ಮೊಣಕೈವರೆಗೆ ಹಾಕಿದ್ರೂ ಸಿಗೂದಿಲ್ಲ, ತೆಗಿ ಕೈ.

ಬಯ್ಯಿ ಬೇಕಾರೆ.

ತಕ್ಕಡಿಯನ್ನ ಎಂತಕ್ಕೆ ಹಾಗೆ ತಿರುಗಿಸಿ ತಿರುಗಿಸಿ ನೋಡ್ತೀಯೆ... ಹೌದು. ಶಿರಸಿಲಿ ಒಂದು ಪಾತ್ರೆ ಅಂಗಡಿ, ಹಳೇ ಹಿತ್ತಾಳೆ ಕೊಟ್ರೆ ಹೊಸ ಸಾಮಾನು ಕೊಡ್ತಾರೆ. ಅಕ್ಕಿ ಲೆಕ್ಕ ಆ ಅಂಗಡಿಯವನೇ ಹೇಳಿದ್ದು, ಒಂದು ಸಿದ್ದೆಗೆ ಸಾಧಾರಣ ಇಷ್ಟು ಅಂತ. ಅವ ನಮ್ಮದನ್ನ ಅಳೆದು ನೋಡಿದ್ದಲ್ಲ. ಆಮೇಲೆ ಸಿದ್ದೆ ವಾಪಸ್ ಕೇಳೂಕೆ ಹೋದೆ ಅಕ್ಕ, ಆಣೆಗೂ ಹೋದೆ. ಕರಗಿಸೂಕೆ ಕಳಿಸಿ ಆಗಿತ್ತು.

ಇದೇ ತಕ್ಕಡಿ ಮೇಲೆ ಸಿದ್ದೆ ಇಟ್ಟೆ ಅಂದೆ ನೋಡು...

ಇದು ಮನೆಗೆ ಬಂದಾಗ ಅದು ಮನೇಲೇ ಇರಲಿಲ್ಲ.