ಕಂಡೂ ಕಾಣದ ಬಾಣ

ಅಧ್ಯಕ್ಷತೆ ವಹಿಸಿರುವ ನಿರ್ದೇಶಕರೇ, ವೇದಿಕೆಯ ಮೇಲಿನ ಗಣ್ಯರೇ, ವಿನ್ಯಾಸಕಾರರೇ, ಹಿಂದಿನ ಸಾಲಿನಲ್ಲಿ ಕೂತು ಬಾಗಿಲ ಕಡೆಗೇ ನೋಡುತ್ತಿರುವ ನನ್ನ ಯಜಮಾನರೇ, ಹಾಗೂ ಸಭಿಕರೇ,

ಈ ಕಚೇರಿಯಲ್ಲಿ ಹದಿನಾರು ವರ್ಷ ನನ್ನ ಕೆಲಸ ಏನೂ ತಿಳಿಯದಿರುವುದು. ಅದನ್ನು ಪ್ರಾಮಾಣಿಕವಾಗಿ ಮಾಡಿದೆನೆಂದು ಅಧ್ಯಕ್ಷರು ಈಗ ತಾನೇ ಹೊಗಳಿ ಈ ಫಲಕ ಕೊಟ್ಟರು. ಆ ಹೊಗಳಿಕೆಯಲ್ಲಿ ಮೊದಲ ಐದು ವರ್ಷ ಮಾತ್ರ ನಿಜ. ಉಳಿದದ್ದನ್ನು ಹೇಳಿಯೇ ಇಳಿಯುತ್ತೇನೆ, ಇಲ್ಲದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ನನ್ನದು ಎದುರು ಬೀದಿಯ ಹೊಲಿಗೆ ಅಂಗಡಿ. ಕೋಟು ಸರಿಮಾಡಿಸಲು ಬಂದ ಇಲ್ಲಿಯವರೊಬ್ಬರು, "ಅಮ್ಮಾ, ನಿಮಗೆ ಕಂಪ್ಯೂಟರ್ ಬರುತ್ತಾ?" ಅಂದರು. "ಅದರ ಗಂಧಗಾಳೀನೂ ಇಲ್ಲಪ್ಪ" ಅಂದೆ. ಕೆಲಸ ಸಿಕ್ಕಿತು. ಏನೂ ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿ ಕೆಲಸ ಪಡೆದವಳು ನಾನೊಬ್ಬಳೇ. ಹೇಳದೆ ಪಡೆದವರು ಸಭೆಯಲ್ಲಿದ್ದರೆ ಮನ್ನಿಸಬೇಕು.

ಇಲ್ಲಿ ಅಂತರ್ಜಾಲದ ಪುಟ ನೋಡುವ ಹೊಸ ಬ್ರೌಸರ್ ಮಾಡಿದಾಗಲೆಲ್ಲ ನನ್ನನ್ನು ಅದರ ಮುಂದೆ ಕೂರಿಸುವರು. ಗಾಜಿನ ಆಚೆ ಅದನ್ನು ಮಾಡಿದವರು ಉಸಿರು ಬಿಗಿಹಿಡಿದು ನಿಲ್ಲುವರು. "ಅಕ್ಷರ ದೊಡ್ಡದು ಮಾಡಿ", "ಈ ಪುಟ ಮುಚ್ಚಿ" ಎನ್ನುವರು. ಅದಕ್ಕೆ ಪರದೆಯ ಮೇಲೆ ಒತ್ತಬೇಕಾದ ಗುಂಡಿ ನನಗೆ ಸಿಕ್ಕಿದರೆ ಲೋಕಕ್ಕೆಲ್ಲ ಸಿಕ್ಕಿದ ಹಾಗೆ. ಸಿಗದಿದ್ದರೆ ಒಬ್ಬರು ಒಳಗೆ ಬಂದು ಹೇಳುವರು: "ತಪ್ಪು ನಿಮ್ದಲ್ಲಮ್ಮ, ನಮ್ದು."

ಸಭಿಕರೇ, ನಿಮಗಿದು ಸಾಮಾನ್ಯ ಮಾತಿರಬಹುದು. ನಮ್ಮ ಮನೆಯಲ್ಲಿ ಹಾಲು ಉಕ್ಕಿದರೆ ತಪ್ಪು ನನ್ನದು. ಬಸ್ಸು ಹೊರಟುಹೋದರೆ ನನ್ನದು. ಯಜಮಾನರ ಕನ್ನಡಕ ಅವರ ತಲೆಯ ಮೇಲೇ ಇದ್ದರೂ ನನ್ನದು. "ನಿಂಗೇನ್ ಗೊತ್ತಾಗುತ್ತೆ, ಸುಮ್ನಿರು" ಎಂಬುದು ನಮ್ಮ ಅತ್ತೆಯವರು ಮಗನಿಗೆ ಬಿಟ್ಟುಹೋದ ಆಸ್ತಿ. ಅಂಥವಳ ಎದುರು ಇಷ್ಟೆಲ್ಲ ಓದಿದವರು ಬಂದು ತಪ್ಪು ನಮ್ಮದು ಎಂದರೆ ಹೇಗಾಗಬೇಡ? ಮೊದಲ ದಿನ ಅಂಗಡಿಗೆ ಹೋಗಿ ಅತ್ತುಬಿಟ್ಟೆ. ಒಬ್ಬರ ಅಂಗಿಗೆ ತೋಳು ಹಿಂದುಮುಂದಾಗಿ ಹೊಲಿದೆ.

ಐದು ವರ್ಷ ಕಳೆಯುವಷ್ಟರಲ್ಲಿ ನನಗೆಲ್ಲ ತಿಳಿದುಹೋಯಿತು. ತಿಳಿದವಳಿಗೆ ಆ ಮಾತು ಯಾರು ಹೇಳುತ್ತಾರೆ? ಅದಕ್ಕೇ ತಿಳಿಯದವಳ ಹಾಗೆ ಕೂತೆ. ನಿಮ್ಮ ಗುಂಡಿಗಳು ವರ್ಷವರ್ಷಕ್ಕೂ ದಪ್ಪಗಾದದ್ದು ನನ್ನಿಂದ. ಹುಡುಕುವ ಗುಂಡಿಯಂತೂ ಈಗ ಊಟದ ತಟ್ಟೆಯಷ್ಟಾಗಿದೆ. ನಗಿ, ಪರವಾಗಿಲ್ಲ. ಮುಂದಿನದಕ್ಕೆ ಮಾತ್ರ ಬೇಡ.

ನಾವೆಲ್ಲ ಮೌನಿ ಎಂದು ಕರೆಯುವ ವಿನ್ಯಾಸಕಾರರೊಬ್ಬರಿದ್ದರು. ಕೈತಪ್ಪಿ ಮುಚ್ಚಿದ ಪುಟವನ್ನು ಮರಳಿ ತರಲು ಅವರೊಂದು ಪುಟ್ಟ ಬಾಣದ ಗುರುತು ಮಾಡಿದ್ದರು. ಎರಡು ವರ್ಷದ ಶ್ರಮ. ಪರದೆ ಬೆಳಗಿದ್ದೇ ತಡ, ಕತ್ತರಿ ಇಡುವ ಜಾಗಕ್ಕೆ ಕೈ ಹೋಗುವಂತೆ ನನ್ನ ಕಣ್ಣು ಅಲ್ಲಿಗೇ ಹೋಯಿತು. ಆದರೆ ಆವತ್ತು ಬೆಳಿಗ್ಗೆ ಮನೆಯಲ್ಲಿ ಹೊಟ್ಟೆ ತುಂಬ ಬೈಸಿಕೊಂಡು ಬಂದಿದ್ದೆ. "ಅಯ್ಯೋ, ಎಲ್ಲೂ ಕಾಣಿಸ್ತಿಲ್ವಲ್ಲ" ಅಂದೆ. ಏಳು ನಿಮಿಷ ಹುಡುಕಿದೆ.

ಯಜಮಾನರೇ, ಕೂತ್ಕೊಳ್ಳಿ, ಮುಗೀತಾ ಬಂತು.

ಮೌನಿಯೇ ಒಳಗೆ ಬಂದರು. "ತಪ್ಪು ನಿಮ್ದಲ್ಲಮ್ಮ, ನಂದು" ಅಂದರು. ಮರುದಿನ ಬಾಣ ತೆಗೆದರು. ಮರುತಿಂಗಳು ಅವರನ್ನೂ ವಿನ್ಯಾಸದಿಂದ ತೆಗೆದರು. ಒಂಬತ್ತು ವರ್ಷದಿಂದ ಅವರು ಈ ಸಭಾಂಗಣದ ಮೈಕು, ದೀಪ ನೋಡಿಕೊಳ್ಳುತ್ತಿದ್ದಾರೆ. ಈಗಲೂ ಆ ಕಂಬದ ಪಕ್ಕ ನಿಂತಿದ್ದಾರೆ. ಯಾರೂ ತಿರುಗಿ ನೋಡಬೇಡಿ, ಅವರಿಗೆ ಸಂಕೋಚ.

ಮೌನಿಯವರೇ, ನಿಮ್ಮ ಬಾಣ ನನಗೆ ಕಂಡಿತ್ತು. ಮೊದಲ ನೋಟಕ್ಕೇ ಕಂಡಿತ್ತು. ತಪ್ಪು ನಿಮ್ಮದಲ್ಲ, ನನ್ನದು.

ಅಧ್ಯಕ್ಷರೇ, ಫಲಕವನ್ನು ಮೇಜಿನ ಮೇಲೆ ಇಟ್ಟಿದ್ದೇನೆ. ಅದು ಯಾರಿಗೆ ಸೇರಬೇಕೆಂದು ನಿಮಗೆ ಕಾಣದಿದ್ದರೆ ಏಳು ನಿಮಿಷ ಹುಡುಕಿ. ಇಷ್ಟು ಹೊತ್ತು ಕೇಳಿದ ನಿಮಗೆಲ್ಲ, ಮತ್ತು ಇಷ್ಟೆಲ್ಲ ಕೇಳಿಯೂ ನನ್ನ ಮೈಕು ಆರಿಸದೆ ನಿಂತವರಿಗೆ, ನಮಸ್ಕಾರ.