ತೂತಿನ ಅಂಗಿ

ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ಕೂತಿದ್ದ ಟೀಚರಮ್ಮನಿಗೆ ಪಕ್ಕದ ಇಬ್ಬರ ಮಾತು ಕೇಳುತ್ತಾ ಹಲ್ಲುನೋವೇ ಮರೆತುಹೋಯಿತು. ಒಬ್ಬ ಸಿನಿಮಾದವರಿಗೆ ಬಟ್ಟೆ ಹೊಲಿಯುವ ದರ್ಜಿ, ಇನ್ನೊಬ್ಬ ಕೆನ್ನೆ ಊದಿಸಿಕೊಂಡ ಅವನ ಭಾಮೈದ.

“ಭಾವ, ಆ ಪ್ರಶಸ್ತಿ ಗೆದ್ದ ಡೈರೆಕ್ಟರು ಕತೇಲಿ ಕಾಲ ಹಿಂದೆಮುಂದೆ ಮಾಡಿ ತೆಗೀತಿರೋ ಸಿನಿಮಾಕ್ಕೆ ನೀವೇ ಅಲ್ವಾ ಹೊಲಿದಿದ್ದು? ಕೊನೇಲಿ ಹೀರೋ ಸಾಯ್ತಾನಾ?”

“ನಾನು ಹೊಲಿದಿದ್ದು ಅಂಗಿ ಕಣಯ್ಯ, ಕತೆ ಅಲ್ಲ.”

“ಎಂಥಾ ಅಂಗಿ?”

“ಒಂದೇ ಥರದ್ದು ಎರಡು. ಒಂದು ಹೊಸದು, ಒಂದು ಎದೇಲಿ ಗುಂಡಿನ ತೂತಿರೋದು.”

“ಹಾಗಾದ್ರೆ ಸಾಯ್ತಾನೆ ಬಿಡಿ.”

“ನಾನೂ ಹಾಗೇ ಅಂದ್ಕೊಂಡು ಮೊದಲನೇ ಸೀನಿಗೆ ಹೊಸದನ್ನ ಕಳಿಸಿದ್ದೆ. ತೂತಿನದೇ ಮೊದಲು ಬೇಕು ಅಂತ ಡೈರೆಕ್ಟರು ವಾಪಸ್ಸು…” ದರ್ಜಿ ನಾಲಿಗೆ ಕಚ್ಚಿಕೊಂಡ.

“ಓಹೋ, ಮೊದಲನೇ ಸೀನಲ್ಲೇ ಸತ್ತೋನು ಆಮೇಲೆ ಎದ್ದು ಬರ್ತಾನೆ.”

“ಫೋನ್ ಯಾಕೆ ತೆಗೆದೆ?”

“ಟೈಮ್ ನೋಡೋಕೆ.”

“ಗೋಡೇಲಿ ಗಡಿಯಾರ ಇಲ್ವಾ? ನೀನಿರೋ ಆ ಹೀರೋ ಅಭಿಮಾನಿಗಳ ಗುಂಪಿಗೆ ಇದು ಹೋದ್ರೆ ನನ್ನ ಕೆಲಸ ಹೋಯ್ತು.”

“ನನ್ನ ಮೇಲೇ ಅನುಮಾನವಾ, ಭಾವ?”

“ನಿನ್ನ ಮೇಲಲ್ಲದೆ ಇನ್ಯಾರ ಮೇಲೆ?”

ಒಳಗಿಂದ ಕರೆ ಬಂತು. ದರ್ಜಿ ಕೈ ಚಾಚಿದ.

“ಹೋಗು. ಬಾಯನ್ನ ಡಾಕ್ಟರು ನೋಡ್ಕೋತಾರೆ, ಫೋನನ್ನ ನಾನು ನೋಡ್ಕೋತೀನಿ.”

ಭಾಮೈದ ಗೊಣಗುತ್ತಾ ಫೋನ್ ಕೊಟ್ಟು ಒಳಹೋದ. ದರ್ಜಿ ಅದನ್ನು ಜೇಬಿಗಿಳಿಸಿ, ಮೆಲ್ಲಗೆ ಟೀಚರಮ್ಮನ ಕಡೆ ತಿರುಗಿದ.

“ಅಮ್ಮಾ, ನಿಮಗೆ ಸಿನಿಮಾ ಹುಚ್ಚು ಇಲ್ಲ ತಾನೆ?”